ಬೋರ್‌ವೆಲ್ ನೀರಿನ ಕಲೆ ಬಿದ್ದ ಹಲ್ಲು: ಡೆಂಟಿಸ್ಟ್ ಹತ್ತಿರ ಬೆಳ್ಳಗೆ ಮಾಡಿಸಿಕೊಳ್ಳುವುದು ಹೇಗೆ

ನಮ್ಮದು ಬಾಗೇಪಲ್ಲಿ ಕಡೆಯ ಹಳ್ಳಿ. ಏಳನೇ ಕ್ಲಾಸಿನ ಗ್ರೂಪ್ ಫೋಟೋ ಇವತ್ತಿಗೂ ನಮ್ಮ ಮನೆಯ ಗೋಡೆ ಮೇಲಿದೆ. ಅದರಲ್ಲಿ ಹಲ್ಲು ಕಾಣುವ ಹಾಗೆ ನಕ್ಕಿರುವವರು ಮೇಷ್ಟ್ರು ಒಬ್ಬರೇ, ಅವರು ಮಲೆನಾಡಿನ ಕಡೆಯಿಂದ ಬಂದವರು. ನಾವೆಲ್ಲ ತುಟಿ ಬಿಗಿ ಹಿಡಿದು ನಿಂತಿದ್ದೇವೆ. ಹಾಗೆ ನಿಂತ್ಕೊಳ್ಳಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಬಾಚಿಹಲ್ಲಿನ ಮೇಲೆ ಕಂದು ಪಟ್ಟೆ, ಅದರ ಸುತ್ತ ಸುಣ್ಣ ತೊಟ್ಟಿಕ್ಕಿದ ಹಾಗೆ ಬಿಳಿ ಮಚ್ಚೆ, ಇಷ್ಟು ಇಟ್ಟುಕೊಂಡು ಬೆಳೆದವರಿಗೆ ಬಾಯಿ ಮುಚ್ಚಿ ನಗುವುದು ತಾನಾಗೇ ಬಂದುಬಿಡುತ್ತದೆ.

ಗುಡಿಬಂಡೆ, ಮುಳಬಾಗಿಲು, ಪಾವಗಡ, ಶಿರಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಬತ್ತಿತು, ಬಾವಿ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು, ಕಲ್ಲಿನ ಒಳಗಿನ ಫ್ಲೋರೈಡ್ ನೀರಿನ ಜೊತೆ ನಮ್ಮ ಬಿಂದಿಗೆಗೆ ಬಂತು. ನಮ್ಮ ಹಲ್ಲಿನ ಕಲೆಗೆ ಬ್ರಷ್ ಮಾಡದೇ ಇದ್ದದ್ದು ಕಾರಣ ಅಲ್ಲ, ಇದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿ. ಎಷ್ಟು ಜನ ಮಕ್ಕಳು ಈ ಒಂದು ಮಾತಿಗೆ ಬೈಸಿಕೊಂಡಿದ್ದಾರೋ ಲೆಕ್ಕ ಇಲ್ಲ.

ಇದನ್ನು ಬರೆಯಲು ಕಾರಣ ನನ್ನ ಚಿಕ್ಕಮ್ಮನ ಮಗಳು. ಅವಳಿಗೂ ನನ್ನಂಥದ್ದೇ ಕಲೆ. ಇಪ್ಪತ್ತೊಂದಕ್ಕೆ ಮದುವೆ ಗೊತ್ತಾಯಿತು. ಒಂದು ಕ್ಲಿನಿಕ್‌ನಲ್ಲಿ, ಬೇರೆ ಯಾವ ದಾರಿಯನ್ನೂ ಹೇಳದೆ, ಮೇಲಿನ ಆರು ಹಲ್ಲು ಉಜ್ಜಿ ಸಣ್ಣ ಮಾಡಿ ಕ್ಯಾಪ್ ಹಾಕಿ ಕಳಿಸಿದರು. ಹುಳುಕಿಲ್ಲದ, ಗಟ್ಟಿಮುಟ್ಟಾದ ಆರು ಹಲ್ಲು. ಮದುವೆ ಫೋಟೋದಲ್ಲಿ ಚೆನ್ನಾಗೇ ಕಂಡಳು. ಒಂಬತ್ತು ವರ್ಷ ಆಯಿತು, ಈಗ ವಸಡು ಸ್ವಲ್ಪ ಮೇಲೆ ಸರಿದು ಪ್ರತಿ ಕ್ಯಾಪಿನ ಬುಡದಲ್ಲೂ ಕಪ್ಪು ಗೆರೆ ಕಾಣುತ್ತದೆ, ಒಂದು ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನಾನು ಅವಳಿಗಿಂತ ತಡವಾಗಿ ಹೋದೆ, ಸಿಕ್ಕಿದ ಡಾಕ್ಟ್ರು ಒಳ್ಳೆಯವರು, ಒಂದೇ ಒಂದು ಹಲ್ಲನ್ನೂ ಕೊರೆಯದೆ ನನ್ನ ಕಲೆ ಬಹಳಷ್ಟು ಹೋಯಿತು. ಹಾಗಾಗಿ ಕೆಳಗಿನದ್ದೆಲ್ಲ ಒಂದೇ ಕ್ರಮದಲ್ಲಿದೆ: ಹಲ್ಲಿಗೆ ಕಡಿಮೆ ಪೆಟ್ಟು ಕೊಡುವುದು ಮೊದಲು, ಜಾಸ್ತಿ ಪೆಟ್ಟು ಕೊಡುವುದು ಕೊನೆಗೆ.

ಮೊದಲನೇ ಹೆಜ್ಜೆ: ನಿಮ್ಮದು ಯಾವ ಕಲೆ ಅಂತ ತಿಳ್ಕೊಳ್ಳಿ

ಬೆಳಗ್ಗೆ ಕಿಟಕಿ ಹತ್ತಿರ ಕನ್ನಡಿ ಹಿಡಿದು ನಿಂತುಕೊಳ್ಳಿ. ಟ್ಯೂಬ್‌ಲೈಟ್ ಬೇಡ, ಹಗಲು ಬೆಳಕೇ ಬೇಕು. ತುಟಿ ಎತ್ತಿ ಎಡಗಡೆಯ ಹಲ್ಲನ್ನೂ ಬಲಗಡೆಯ ಅದೇ ಹಲ್ಲನ್ನೂ ಹೋಲಿಸಿ ನೋಡಿ. ನೀರಿನ ಫ್ಲೋರೈಡ್‌ನಿಂದ ಬಂದ ಕಲೆ, ಅಂದರೆ ಫ್ಲೋರೋಸಿಸ್, ಸಾಮಾನ್ಯವಾಗಿ ಎರಡೂ ಕಡೆ ಜೋಡಿಯಾಗಿ ಬರುತ್ತದೆ. ಅಡ್ಡಡ್ಡ ಬಿಳಿ ಗೆರೆ, ಸುಣ್ಣದಂಥ ಮಚ್ಚೆ, ಜಾಸ್ತಿ ಇದ್ದವರಿಗೆ ಹಳದಿಯಿಂದ ಕಡು ಕಂದು, ಇನ್ನೂ ಜಾಸ್ತಿ ಇದ್ದರೆ ಹಲ್ಲಿನ ಮೈಮೇಲೆ ಸಣ್ಣ ಸಣ್ಣ ಗುಂಡಿ. ಇದು ಹಲ್ಲು ದವಡೆಯೊಳಗೆ ತಯಾರಾಗುವ ಕಾಲದಲ್ಲೇ ಆಗಿರುವ ಬದಲಾವಣೆ. ಮುಂದಿನ ಹಲ್ಲುಗಳ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಹುಟ್ಟಿನಿಂದ ನಾಲ್ಕೈದು ವರ್ಷದೊಳಗೆ ತಯಾರಾಗಿ ಮುಗಿಯುತ್ತದೆ, ಆ ವಯಸ್ಸಲ್ಲಿ ಕುಡಿದ ನೀರಿನ ಗುರುತು ಇದು. ಎನಾಮೆಲ್ ಒಳಗೊಳಗೇ ತೂತುತೂತಾಗಿರುತ್ತದೆ, ಹಲ್ಲು ಹೊರಗೆ ಬಂದ ಮೇಲೆ ಆ ತೂತಿಗೆ ಬಣ್ಣ ಇಳಿದು ಕಂದಾಗುತ್ತದೆ. ಕೆಲಸಕ್ಕೆ ಅಂತ ನಮ್ಮ ಕಡೆಗೆ ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಈ ಕಲೆ ಬರುವುದಿಲ್ಲ, ಮೇಷ್ಟ್ರ ಹಲ್ಲು ಬೆಳ್ಳಗಿದ್ದದ್ದು ಅದಕ್ಕೇ.

ಒಂದೇ ಹಲ್ಲು ಬೂದಿ ಬಣ್ಣಕ್ಕೋ ಕಪ್ಪಿಗೋ ತಿರುಗಿದ್ದರೆ ಅದು ಬೇರೆ ಕತೆ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ಹಲ್ಲುಗಳಿಗೆಲ್ಲ ನೀಲಿ ಮಿಶ್ರಿತ ಬೂದು ಪಟ್ಟೆ ಇದ್ದರೆ ಟೆಟ್ರಾಸೈಕ್ಲಿನ್ ಮಾತ್ರೆಯ ಕಲೆ ಇರಬಹುದು, ಗರ್ಭಿಣಿ ತಾಯಿಗೋ ಎಂಟು ವರ್ಷದೊಳಗಿನ ಮಗುವಿಗೋ ಅದನ್ನು ಕೊಟ್ಟಾಗ ಹೀಗಾಗುತ್ತದೆ. ಹಲ್ಲಿನ ಸಂದಿಯಲ್ಲಿ, ಒಳಮೈಯಲ್ಲಿ, ವಸಡಿನ ಅಂಚಿನಲ್ಲಿ ಕಂದು ಕಪ್ಪು ಕಟ್ಟಿದ್ದರೆ ಅದು ಟೀ, ಎಲೆಅಡಿಕೆ, ಹೊಗೆಸೊಪ್ಪು, ಬೀಡಿಯದ್ದು, ಮೇಲಿಂದ ಅಂಟಿಕೊಂಡಿರುವುದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ವಾರಗಟ್ಟಲೆ ಬಳಸಿದರೂ ಕಂದು ಕಟ್ಟುತ್ತದೆ. ವಯಸ್ಸಾದಂತೆ ಎಲ್ಲ ಹಲ್ಲೂ ಒಂದೇ ಸಮ ಹಳದಿಯಾಗುವುದು ಸಹಜ, ಎನಾಮೆಲ್ ತೆಳುವಾಗಿ ಒಳಗಿನ ಹಳದಿ ಪದರ ಕಾಣುತ್ತದೆ. ಕೋರೆಹಲ್ಲು ಎಲ್ಲರಿಗೂ ಉಳಿದ ಹಲ್ಲಿಗಿಂತ ಒಂದು ಬಣ್ಣ ಹೆಚ್ಚೇ ಇರುತ್ತದೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಇಷ್ಟು ನೀವೇ ಅಂದಾಜು ಮಾಡಬಹುದು. ಖಚಿತವಾಗಿ ಹೇಳುವುದು ಡಾಕ್ಟ್ರ ಕೆಲಸ. ಅವರು ಗಾಳಿ ಬಿಟ್ಟು ಹಲ್ಲು ಒಣಗಿಸಿ ನೋಡುತ್ತಾರೆ, ಒಣಗಿದಾಗ ಬಿಳಿ ಮಚ್ಚೆ ಎದ್ದು ಕಾಣುತ್ತದೆ.

ಈ ಕಲೆಗೆ ಕಾರಣ ಗೊತ್ತಾಗಲು ದೊಡ್ಡ ಹುಡುಕಾಟವೇ ನಡೆಯಿತು. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಹೋದ ಫ್ರೆಡರಿಕ್ ಮೆಕೆ ಅನ್ನುವ ಡೆಂಟಿಸ್ಟ್, ಅಲ್ಲಿನವರ ಹಲ್ಲೆಲ್ಲ ಕಂದು ಇರುವುದನ್ನು ನೋಡಿ ಬೆರಗಾದರು. ನೀರಿನ ಫ್ಲೋರೈಡ್ ಕಾರಣ ಅಂತ ಪತ್ತೆಯಾಗಿದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಲ್ಲಿ ಆಂಧ್ರದ ನೆಲ್ಲೂರಿನ ಕಡೆಯಿಂದ ಮೊದಲ ವರದಿ ಬಂತು. ಕೊಲೊರಾಡೊದವರ ಹಳೆಯ ಫೋಟೋಗಳನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಕ್ಲಾಸಿನವರನ್ನೇ ನೋಡಿದ ಹಾಗಾಯಿತು.

ಮನೆಯ ಪ್ರಯೋಗ ಇವತ್ತೇ ನಿಲ್ಲಿಸಿ

ನಿಂಬೆಹಣ್ಣು ಉಪ್ಪು, ಅಡಿಗೆ ಸೋಡಾ ನಿಂಬೆಹಣ್ಣು, ಇದ್ದಿಲು, ಇಟ್ಟಿಗೆ ಪುಡಿ. ನಾನು ಇದೆಲ್ಲ ಮಾಡಿದವಳೇ. ನಿಂಬೆ ರಸದ ಹುಳಿ ಎನಾಮೆಲನ್ನು ಕರಗಿಸುತ್ತದೆ, ಇದ್ದಿಲು ಇಟ್ಟಿಗೆ ಪುಡಿ ಅದನ್ನು ತೇಯುತ್ತವೆ. ಮೊದಮೊದಲು ಹೊಳಪು ಬಂದ ಹಾಗೆ ಕಾಣುತ್ತದೆ. ಆಮೇಲೆ ಎನಾಮೆಲ್ ತೆಳುವಾದಷ್ಟೂ ಒಳಗಿನ ಹಳದಿ ಜಾಸ್ತಿ ಕಾಣುತ್ತದೆ, ಜೊತೆಗೆ ತಣ್ಣೀರು ಬಾಯಿಗೆ ಹಾಕಿದರೆ ಜುಮ್ಮೆನ್ನುವುದು ಶುರುವಾಗುತ್ತದೆ. ಫ್ಲೋರೋಸಿಸ್ ಕಲೆ ಎನಾಮೆಲಿನ ಒಳಗಿರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಪಾರ್ಲರ್‌ನಲ್ಲಿ, ಆನ್‌ಲೈನ್ ಕಿಟ್‌ನಲ್ಲಿ ಬೆಳ್ಳಗೆ ಮಾಡಿಸ್ಕೊಳ್ಳೋದೂ ಬೇಡ. ಹುಳುಕು ಇದೆಯಾ, ಹಲ್ಲು ಬಿರುಕು ಬಿಟ್ಟಿದೆಯಾ, ಕ್ಯಾಪ್ ಸೋರುತ್ತಿದೆಯಾ ಅಂತ ನೋಡುವ ಜನ ಅಲ್ಲಿ ಇರುವುದಿಲ್ಲ. ತೂತಿರುವ ಹಲ್ಲಿಗೆ ಬ್ಲೀಚ್, ಅಂದರೆ ಹಲ್ಲು ಬೆಳ್ಳಗೆ ಮಾಡುವ ಮದ್ದು, ಇಳಿದರೆ ಆ ರಾತ್ರಿ ನಿದ್ದೆ ಮರೆತುಬಿಡಬೇಕು. ಯುರೋಪಿನಲ್ಲಿ 2012ರಿಂದ, 0.1 ಪರ್ಸೆಂಟ್‌ಗಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವ ಹಲ್ಲಿನ ಬ್ಲೀಚನ್ನು ಡೆಂಟಿಸ್ಟ್‌ಗೆ ಮಾತ್ರ ಮಾರಬೇಕು, 6 ಪರ್ಸೆಂಟ್ ದಾಟಬಾರದು, 18 ವರ್ಷದೊಳಗಿನವರಿಗೆ ಬಳಸಬಾರದು ಅಂತ ನಿಯಮ ಇದೆ. ಅಷ್ಟು ಹುಷಾರಾಗಿ ನೋಡುವ ವಸ್ತು ಅದು.

ಯಾರ ಹತ್ತಿರ ಹೋಗಬೇಕು

ಬಿಡಿಎಸ್ ಓದಿ ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆಗಿರುವ ಡಾಕ್ಟ್ರು ಯಾರಾದರೂ ಆಗುತ್ತದೆ. ಕಲೆ ಜಾಸ್ತಿ ಇದ್ದರೆ ಕನ್ಸರ್ವೇಟಿವ್ ಡೆಂಟಿಸ್ಟ್ರಿಯಲ್ಲಿ ಎಂಡಿಎಸ್ ಮಾಡಿದವರನ್ನು ಹುಡುಕಿ, ಹಲ್ಲು ಉಳಿಸಿಕೊಂಡು ಸರಿಮಾಡುವುದೇ ಅವರ ಓದು. ದುಡ್ಡಿನ ಕಷ್ಟ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ತುಮಕೂರಿನವರಿಗೆ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ಡೆಂಟಲ್ ಕಾಲೇಜಿದೆ, ಕೋಲಾರದವರಿಗೆ ಕೆಜಿಎಫ್‌ನಲ್ಲಿ ಡೆಂಟಲ್ ಕಾಲೇಜಿದೆ, ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಬಸ್ಸಿನ ದೂರ. ಅಲ್ಲಿ ಕಾಯಬೇಕಾಗುತ್ತದೆ, ನಾಲ್ಕು ಸಲ ಓಡಾಡಬೇಕಾಗುತ್ತದೆ. ಆದರೆ ವಿದ್ಯಾರ್ಥಿ ಮಾಡಿದ್ದನ್ನು ಮೇಷ್ಟ್ರು ಬಂದು ನೋಡುತ್ತಾರೆ, ಅದು ದೊಡ್ಡ ಧೈರ್ಯ. ನೀರಿನ ಕಲೆಯ ಕೇಸ್ ದಿನಾ ನೋಡುವವರೂ ಅವರೇ.

ಕುರ್ಚಿ ಮೇಲೆ ಕೂತ ತಕ್ಷಣ ಈ ನಾಲ್ಕು ಮಾತು ಕೇಳಿ, ನಾಚಿಕೆ ಬೇಡ. ಮೇಡಂ, ಇದು ಮೇಲಿನ ಕಲೆನಾ ಒಳಗಿಂದಾ? ಹಲ್ಲು ಕೊರೆಯದೇನೇ ಎಷ್ಟರ ಮಟ್ಟಿಗೆ ಹೋಗುತ್ತೆ? ಟ್ರೇ ಮಾಡಿ ಕೊಡ್ತೀರಾ, ಯಾವ ಜೆಲ್ಲು, ಎಷ್ಟು ಪರ್ಸೆಂಟು? ಒಟ್ಟು ಎಷ್ಟಾಗುತ್ತೆ, ಬಿಡಿಬಿಡಿಯಾಗಿ ಬರೆದು ಕೊಡ್ತೀರಾ? (ಟ್ರೇ, ಜೆಲ್ ಅಂದರೆ ಏನು ಅಂತ ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ.) ಇಷ್ಟಕ್ಕೆ ಸಿಟ್ಟಾಗುವ ಡಾಕ್ಟ್ರಾದರೆ ಎದ್ದು ಬನ್ನಿ. ಮೊದಲನೇ ಮಾತಿಗೇ ಕ್ಯಾಪ್ ಹಾಕೋಣ ಅಂದರಂತೂ ಇನ್ನೊಬ್ಬರ ಅಭಿಪ್ರಾಯ ಕೇಳದೆ ಬಾಯಿ ತೆರೆಯಬೇಡಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಬ್ಲೀಚಿಂಗನ್ನು ಮುಂದಕ್ಕೆ ಹಾಕಿ. 18 ದಾಟದ ಮಕ್ಕಳಿಗೂ ಕಾಯಿರಿ, ಕಲೆ ವಿಪರೀತ ಇದ್ದು ಮಗು ಶಾಲೆಯಲ್ಲಿ ನೋಯುತ್ತಿದ್ದರೆ ಆ ತೀರ್ಮಾನ ಡಾಕ್ಟ್ರಿಗೆ ಬಿಡಿ. ಮದುವೆಗೆ ಅಂತ ಮಾಡಿಸುವವರು ಕಡಿಮೆ ಅಂದರೂ ಮೂರು ತಿಂಗಳು ಮುಂಚೆ ಶುರು ಮಾಡಿ. ಹದಿನೈದು ದಿನ ಇಟ್ಟುಕೊಂಡು ಹೋದವರಿಗೇ ಕ್ಯಾಪಿನ ಸಲಹೆ ಸಿಗುವುದು, ನನ್ನ ತಂಗಿಗೆ ಆದದ್ದು ಹಾಗೇ.

ಎರಡನೇ ಹೆಜ್ಜೆ: ಕ್ಲೀನಿಂಗ್, ಹುಳುಕು, ಬಣ್ಣದ ಅಳತೆ

ಏನೇ ಮಾಡುವ ಮುಂಚೆ ಸ್ಕೇಲಿಂಗ್ ಮಾಡಿಸಿ ಪಾಲಿಶ್ ಮಾಡಿಸಬೇಕು. ಗಾರೆ ಕಟ್ಟಿದ ಹಲ್ಲಿನ ಮೇಲೆ ಜೆಲ್ ಕೆಲಸ ಮಾಡುವುದಿಲ್ಲ. ಟೀ, ಎಲೆಅಡಿಕೆಯ ಕಲೆ ಇದ್ದವರಿಗೆ ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ, ಮುಂದಿನ ಖರ್ಚೇ ಬೇಕಾಗಲ್ಲ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ ಅಂತ ನಮ್ಮೂರಲ್ಲಿ ಹೆದರಿಸುತ್ತಾರೆ. ಗಾರೆ ತುಂಬಿಕೊಂಡಿದ್ದ ಜಾಗ ಖಾಲಿಯಾಗಿ ಹಾಗನಿಸುತ್ತದೆ ಅಷ್ಟೇ, ವಸಡು ಬಿಗಿಯಾದ ಮೇಲೆ ಸರಿಹೋಗುತ್ತದೆ.

ಹುಳುಕು ಇದ್ದರೆ ಮೊದಲು ಮುಚ್ಚಬೇಕು. ಮುಂದಿನ ಹಲ್ಲಿನ ಫಿಲ್ಲಿಂಗ್ ಆದರೆ ತಾತ್ಕಾಲಿಕವಾಗಿ ಮುಚ್ಚಿಸಿ, ಯಾಕೆಂದರೆ ಬ್ಲೀಚು ಹಲ್ಲಿಗೆ ಮಾತ್ರ ಹತ್ತುತ್ತದೆ. ಫಿಲ್ಲಿಂಗ್, ಕ್ಯಾಪ್ ಇದ್ದ ಬಣ್ಣದಲ್ಲೇ ಉಳಿಯುತ್ತವೆ. ಹಲ್ಲು ಬೆಳ್ಳಗಾದ ಮೇಲೆ ಹೊಸ ಬಣ್ಣಕ್ಕೆ ಹೊಂದಿಸಿ ಅವನ್ನು ಬದಲಾಯಿಸಬೇಕಾಗುತ್ತದೆ, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಶೇಡ್ ನೋಡುತ್ತಾರೆ. ಹದಿನಾರು ಪಿಂಗಾಣಿ ಹಲ್ಲುಗಳನ್ನು ಕೀಲಿಕೈ ಗೊಂಚಲಿನ ಥರ ಸಾಲಾಗಿ ಜೋಡಿಸಿದ ವೀಟಾ ಶೇಡ್ ಗೈಡ್ ಅಂತ ಇರುತ್ತದೆ, ಒಂದೊಂದಕ್ಕೂ ಎ1, ಎ2, ಬಿ1 ಅಂತ ಹೆಸರು. ನಿಮ್ಮ ಹಲ್ಲಿನ ಪಕ್ಕ ಹಿಡಿದು ಯಾವುದು ಕೂಡುತ್ತದೆ ಅಂತ ಬರೆದುಕೊಳ್ಳುತ್ತಾರೆ. ಫೋಟೋ ತೆಗೆಯಲು ಹೇಳಿ. ನಮ್ಮ ಕಣ್ಣು ದಿನಾ ಕನ್ನಡಿ ನೋಡಿ ನೋಡಿ ಮೊದಲು ಹೇಗಿತ್ತು ಅನ್ನುವುದನ್ನೇ ಮರೆತುಬಿಡುತ್ತದೆ.

ಮೂರನೇ ಹೆಜ್ಜೆ: ಮನೆಯಲ್ಲಿ ಟ್ರೇ, ಡಾಕ್ಟ್ರ ಮೇಲ್ವಿಚಾರಣೆಯಲ್ಲಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಈ ವಿಧಾನವನ್ನು 1989ರಲ್ಲಿ ಹೇವುಡ್ ಮತ್ತು ಹೇಮನ್ ಅನ್ನುವ ಇಬ್ಬರು ಅಮೆರಿಕದ ಡೆಂಟಿಸ್ಟರು ಬರೆದು ಪ್ರಕಟಿಸಿದರು. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನ ತುಂಬ ಬಳಕೆಯಲ್ಲಿದೆ.

ಮೊದಲ ದಿನ ನಿಮ್ಮ ಹಲ್ಲಿನ ಅಚ್ಚು ತೆಗೆಯುತ್ತಾರೆ. ರಾಗಿ ಅಂಬಲಿಗಿಂತ ಸ್ವಲ್ಪ ಗಟ್ಟಿಯಾದ ಒಂದು ಪೇಸ್ಟನ್ನು ತಟ್ಟೆಯಲ್ಲಿ ತುಂಬಿ ಬಾಯಿಗೆ ಒತ್ತುತ್ತಾರೆ, ಒಂದೆರಡು ನಿಮಿಷದಲ್ಲಿ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ವಾಂತಿ ಬಂದ ಹಾಗಾಗಬಹುದು, ಮೂಗಲ್ಲಿ ನಿಧಾನಕ್ಕೆ ಉಸಿರಾಡಿ, ತಲೆ ಮುಂದಕ್ಕೆ ಬಗ್ಗಿಸಿ. ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು ನಿಮ್ಮ ಹಲ್ಲಿನ ಮಾದರಿ ಮಾಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಎಳೆದು ಕೂರಿಸಿ ಟ್ರೇ ಮಾಡುತ್ತಾರೆ. ಮೆತ್ತಗೆ, ಪಾರದರ್ಶಕವಾಗಿ, ನಿಮ್ಮ ಹಲ್ಲಿಗೆ ಮಾತ್ರ ಸರಿಯಾಗಿ ಕೂರುವಂಥದ್ದು. ಅಂಗಡಿ ಕಿಟ್‌ನ ಟ್ರೇಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಅದು ಎಲ್ಲರ ಬಾಯಿಗೂ ಒಂದೇ ಅಳತೆ, ಜೆಲ್ ಸೋರಿ ವಸಡಿಗೆ ಹೋಗುತ್ತದೆ. ಟ್ರೇ ಕೈಗೆ ಬಂದಾಗ ಅಲ್ಲೇ ಹಾಕಿ ನೋಡಿ, ಅಂಚು ವಸಡಿಗೆ ಚುಚ್ಚಿದರೆ ಅಲ್ಲೇ ಕತ್ತರಿಸಿ ಕೊಡುತ್ತಾರೆ.

ಜೆಲ್ ಸಾಮಾನ್ಯವಾಗಿ 10 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್, ಸಿರಿಂಜಿನಲ್ಲಿ ಬರುತ್ತದೆ. ಇದು ಬಾಯಲ್ಲಿ ಒಡೆದು ಸುಮಾರು 3.5 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಅದರ ಆಮ್ಲಜನಕ ಎನಾಮೆಲಿನ ಒಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. 16, 20 ಪರ್ಸೆಂಟ್‌ನದ್ದೂ ಸಿಗುತ್ತದೆ. ಬೇಗ ಆಗುತ್ತದೆ ಅಂತ ಅದನ್ನೇ ಕೇಳಬೇಡಿ, ಜುಮ್ಮೆನ್ನುವುದೂ ಅಷ್ಟೇ ಜಾಸ್ತಿ. ಕೆಲವು ವಾರ ಕಳೆದ ಮೇಲೆ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ.

ರಾತ್ರಿ ಊಟ ಮುಗಿಸಿ ಬ್ರಷ್ ಮಾಡಿ. ಟ್ರೇಯ ಒಳಗೆ, ಹಲ್ಲಿನ ಮುಂಭಾಗ ತಾಗುವ ಕಡೆ, ಒಂದೊಂದು ಹಲ್ಲಿನ ಗುಳಿಗೂ ಒಂದು ಅಕ್ಕಿಕಾಳಿನಷ್ಟು ಜೆಲ್ ಇಡಿ. ಅವರೆಕಾಳಿನಷ್ಟು ಬೇಡ, ಮೊದಲ ರಾತ್ರಿ ನಾನು ಅಷ್ಟು ಹಾಕಿ ಅರ್ಧ ಜೆಲ್ ವಸಡಿಗೆ ಬಂತು. ಟ್ರೇ ಕೂರಿಸಿ ಮೆತ್ತಗೆ ಒತ್ತಿ. ಅಂಚಿನಿಂದ ಹೊರಗೆ ಬಂದ ಜೆಲ್ಲನ್ನು ಬೆರಳಿನಿಂದಲೋ ಒಣ ಬ್ರಷ್ಷಿನಿಂದಲೋ ಒರೆಸಿ ತೆಗೆಯಿರಿ. ಹಾಗೇ ಮಲಗಬಹುದು. ರಾತ್ರಿಯಿಡೀ ಆಗದಿದ್ದರೆ ಎರಡರಿಂದ ನಾಲ್ಕು ಗಂಟೆ ಇಟ್ಟು ತೆಗೆಯಬಹುದು. ಮೊದಲ ಎರಡು ಗಂಟೆಯಲ್ಲಿ ಜೆಲ್ಲಿನ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿರುತ್ತದೆ, ಉಳಿದದ್ದು ನಿಧಾನಕ್ಕೆ ಬೆಳಗಿನವರೆಗೂ ಕೆಲಸ ಮಾಡುತ್ತದೆ. ಬೆಳಗ್ಗೆ ಟ್ರೇ ತೆಗೆದು ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ.

ಸಾಮಾನ್ಯ ಹಳದಿಗೆ ಎರಡರಿಂದ ನಾಲ್ಕು ವಾರ ಸಾಕು. ನಮ್ಮ ನೀರಿನ ಕಂದು ಕಲೆಗೆ ಇನ್ನೂ ಕೆಲವು ವಾರ ಬೇಕಾಗಬಹುದು, ಟೆಟ್ರಾಸೈಕ್ಲಿನ್ ಕಲೆಗೆ ತಿಂಗಳುಗಟ್ಟಲೆ. ಮಧ್ಯೆ ಡಾಕ್ಟ್ರು ಕರೆದಾಗ ತಪ್ಪಿಸಬೇಡಿ, ವಸಡು ನೋಡಬೇಕು, ಶೇಡ್ ನೋಡಬೇಕು.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಫ್ಲೋರೋಸಿಸ್ ಹಲ್ಲಿಗೆ ಬ್ಲೀಚ್ ಶುರು ಮಾಡಿದ ಮೊದಮೊದಲು ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣುತ್ತವೆ. ಐದನೇ ದಿನ ನಾನು ಕನ್ನಡಿ ಮುಂದೆ ನಿಂತು ಅತ್ತೆ, ಇದ್ದದ್ದನ್ನೂ ಕೆಡಿಸ್ಕೊಂಡೆ ಅಂದುಕೊಂಡೆ. ಫೋನ್ ಮಾಡಿದರೆ ಡಾಕ್ಟ್ರು, "ನಿಲ್ಲಿಸ್ಬೇಡಮ್ಮ, ಸುತ್ತಲಿನ ಹಲ್ಲೂ ಅದೇ ಬಣ್ಣಕ್ಕೆ ಬರಬೇಕು, ಎರಡು ವಾರ ಕೊಡು" ಅಂದರು. ಮೂರನೇ ವಾರದ ಹೊತ್ತಿಗೆ ಬಲಗಡೆಯ ಹಲ್ಲಿನ ಕಂದು ಪಟ್ಟೆ ತಿಳಿ ಟೀ ಬಣ್ಣಕ್ಕೆ ಇಳಿದಿತ್ತು, ಆಮೇಲೆ ಕೆನೆ ಬಣ್ಣ, ಆಮೇಲೆ ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟು. ಕಂದು ಕಲೆ ಬ್ಲೀಚಿಗೆ ಸಾಮಾನ್ಯವಾಗಿ ಬಗ್ಗುತ್ತದೆ. ಬಿಳಿ ಮಚ್ಚೆ ಹೋಗುವುದಿಲ್ಲ, ಸುತ್ತ ಬೆಳ್ಳಗಾಗಿ ಅದು ಮರೆಯಾದ ಹಾಗೆ ಕಾಣುತ್ತದೆ.

ಜುಮ್ಮೆನ್ನುವುದು ಬಹಳ ಜನಕ್ಕೆ ಬರುತ್ತದೆ, ಮುಂದಿನ ಹಲ್ಲಿನಲ್ಲಿ ಸೂಜಿ ಚುಚ್ಚಿದ ಹಾಗೆ ಛಳುಕ್ ಅಂದು ಹೋಗುತ್ತದೆ. ಹೆದರಬೇಡಿ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಕಿ. 5 ಪರ್ಸೆಂಟ್ ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟನ್ನು ಎರಡು ವಾರ ಮುಂಚಿನಿಂದಲೇ ಬಳಸಿ. ಜಾಸ್ತಿ ಇದ್ದರೆ ಅದೇ ಪೇಸ್ಟನ್ನು ಟ್ರೇಗೆ ಹಾಕಿ ಹತ್ತರಿಂದ ಮೂವತ್ತು ನಿಮಿಷ ಇಟ್ಟುಕೊಳ್ಳಬಹುದು, ಡಾಕ್ಟ್ರನ್ನು ಕೇಳಿ ಮಾಡಿ. ಒಂದೇ ಹಲ್ಲು ಬಿಡದೆ ನೋಯುತ್ತಿದ್ದರೆ ಮಾತ್ರ ಅದು ಬೇರೆ ಏನೋ, ಆವತ್ತೇ ತೋರಿಸಿ.

ಕ್ಲಿನಿಕ್‌ನಲ್ಲಿ ಕೂತು ಮಾಡಿಸುವುದು

ಇಲ್ಲಿ ಜೆಲ್ ತುಂಬ ಖಾರ, 25ರಿಂದ 40 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೇ ವಸಡಿನ ಮೇಲೆ ಮೊದಲು ಒಂದು ಅಂಟು ಹಚ್ಚಿ ಲೈಟಿನಿಂದ ಗಟ್ಟಿ ಮಾಡಿ ಮುಚ್ಚುತ್ತಾರೆ, ತುಟಿಗೆ ಹಿಡಿಕೆ ಹಾಕುತ್ತಾರೆ. ಹಲ್ಲಿಗೆ ಜೆಲ್ ಬಳಿದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ತೆಗೆದು ಮತ್ತೆ ಬಳಿಯುತ್ತಾರೆ, ಎರಡು ಮೂರು ಸಲ. ವಸಡು ಮುಚ್ಚದೇ ಜೆಲ್ ಹಚ್ಚಲು ಬಂದರೆ ಕೈ ಎತ್ತಿ ನಿಲ್ಲಿಸಿ. ಮಧ್ಯೆ ಉರಿ ಬಂದರೆ ಸಹಿಸ್ಕೊಂಡು ಕೂರಬೇಡಿ, ತಕ್ಷಣ ಹೇಳಿ. ವಸಡು ಬೆಳ್ಳಗೆ ಸುಟ್ಟ ಹಾಗಾದರೂ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಮಾಯುತ್ತದೆ.

ಬೋರ್ಡಿನಲ್ಲಿ ಲೇಸರ್, ನೀಲಿ ಲೈಟ್ ಅಂತ ಇರುತ್ತದಲ್ಲ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಕೆಲಸ ಮಾಡುವುದು ಜೆಲ್ಲು, ಲೈಟಿನಿಂದ ಸಿಗುವ ಲಾಭ ತೀರಾ ಕಡಿಮೆ. ಇನ್ನೊಂದು, ಕುರ್ಚಿಯಿಂದ ಎದ್ದ ತಕ್ಷಣ ತೆಗೆದ ಫೋಟೋ ನಂಬಬೇಡಿ. ಒಂದು ಗಂಟೆ ಬಾಯಿ ತೆರೆದು ಹಲ್ಲು ಒಣಗಿರುತ್ತದೆ, ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ನಿಜವಾದ ಬಣ್ಣ ಗೊತ್ತಾಗುವುದು ಎರಡು ವಾರದ ಮೇಲೆ.

ರಾತ್ರಿ ಟ್ರೇ ಹಾಕಿಕೊಂಡರೆ ಓಕರಿಕೆ ಬರುವವರಿಗೆ, ಹಾಸ್ಟೆಲ್‌ನಲ್ಲಿ ಇರುವವರಿಗೆ ಇದು ಅನುಕೂಲ. ಕೆಲವರು ಒಂದು ಸಲ ಕ್ಲಿನಿಕ್‌ನಲ್ಲಿ ಮಾಡಿ, ಮುಂದಕ್ಕೆ ಟ್ರೇ ಕೊಡುತ್ತಾರೆ. ಅದೂ ಒಳ್ಳೆಯದೇ.

ಬ್ಲೀಚಿಗೆ ಬಗ್ಗದ ಕಲೆಗೆ

ಕಂದು ಇನ್ನೂ ಉಳಿದಿದ್ದರೆ ಮುಂದಿನದು ಮೈಕ್ರೋಅಬ್ರೇಶನ್. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಸುಮಾರು 6 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿದ ಪೇಸ್ಟಿನಿಂದ ನಿಧಾನ ತಿರುಗುವ ಬ್ರಷ್‌ನಲ್ಲಿ ಉಜ್ಜುತ್ತಾರೆ. ಎನಾಮೆಲಿನ ಮೇಲ್ಪದರ ಕೂದಲೆಳೆಯಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಹೋಗುತ್ತದೆ, ಅದರ ಜೊತೆ ಮೇಲಿರುವ ಕಲೆಯೂ. ಆಮ್ಲ ಅಂದ ತಕ್ಷಣ ನಿಂಬೆಹಣ್ಣು ನೆನಪಾಗಿ ನಾನೂ ಹೆದರಿದ್ದೆ. ಆದರೆ ಇಲ್ಲಿ ಎಷ್ಟು ಸೆಕೆಂಡು, ಎಷ್ಟು ಒತ್ತಡ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಲೆಕ್ಕದಲ್ಲಿ ನಡೆಯುತ್ತದೆ, ಕೊನೆಗೆ ಫ್ಲೋರೈಡ್ ಹಚ್ಚಿ ಪಾಲಿಶ್ ಮಾಡುತ್ತಾರೆ. ನನಗೆ ಎರಡು ಹಲ್ಲಿಗೆ ಒಂದೇ ಸಲ ಮಾಡಿದರು, ಚೂರೂ ನೋವಾಗಲಿಲ್ಲ, ನಾಲಿಗೆ ಸವರಿದರೆ ಗಾಜಿನ ಹಾಗೆ ನುಣುಪು. ಕಲೆ ಆಳಕ್ಕಿದ್ದರೆ ಇದರಿಂದ ಪೂರ್ತಿ ಹೋಗುವುದಿಲ್ಲ.

ಬಿಳಿ ಮಚ್ಚೆಗೆ ರೆಸಿನ್ ಇನ್‌ಫಿಲ್ಟ್ರೇಶನ್ ಅಂತ ಇದೆ, ಐಕಾನ್ ಅನ್ನುವ ಹೆಸರಲ್ಲಿ ಸಿಗುತ್ತದೆ. 15 ಪರ್ಸೆಂಟ್ ಆಮ್ಲದ ಜೆಲ್ ಎರಡು ನಿಮಿಷ ಹಚ್ಚಿ ಎನಾಮೆಲಿನ ತೂತು ತೆರೆದು, ಆಲ್ಕೋಹಾಲ್‌ನಿಂದ ಒಣಗಿಸಿ, ನೀರಿನಷ್ಟು ತೆಳುವಾದ ಅಂಟನ್ನು ಒಳಗೆ ಹೀರಿಸಿ ಲೈಟಿನಿಂದ ಗಟ್ಟಿ ಮಾಡುತ್ತಾರೆ. ತೂತು ತುಂಬಿದ ಮೇಲೆ ಬೆಳಕು ಹಾಯುವ ರೀತಿ ಬದಲಾಗಿ ಮಚ್ಚೆ ಉಳಿದ ಹಲ್ಲಿನ ಜೊತೆ ಬೆರೆತುಹೋಗುತ್ತದೆ. ಎಣ್ಣೆ ಬಿದ್ದ ಕಾಗದ ಪಾರದರ್ಶಕ ಆಗುತ್ತದಲ್ಲ, ಹಾಗೆ. ಮೊದಲು ಬ್ಲೀಚ್ ಮುಗಿಸಿ, ಎರಡು ವಾರ ಬಿಟ್ಟು ಇದನ್ನು ಮಾಡಿಸಬೇಕು. ಬ್ಲೀಚಿನ ಆಮ್ಲಜನಕ ಹಲ್ಲಿನಲ್ಲಿ ಉಳಿದಿರುವಾಗ ಅಂಟು ಸರಿಯಾಗಿ ಕೂರುವುದಿಲ್ಲ, ಹಲ್ಲಿನ ಬಣ್ಣದ ಫಿಲ್ಲಿಂಗಿಗೂ ಇದೇ ಮಾತು. ಖರ್ಚು ಸ್ವಲ್ಪ ಜಾಸ್ತಿ, ಎಲ್ಲ ಕ್ಲಿನಿಕ್‌ನಲ್ಲೂ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ.

ಪೆಟ್ಟು ಬಿದ್ದು ಕಪ್ಪಾದ ಒಂಟಿ ಹಲ್ಲಿಗೆ ಹೊರಗಿನಿಂದ ಬ್ಲೀಚ್ ಮಾಡಿದರೆ ಸಾಲದು. ರೂಟ್ ಕೆನಾಲ್ ಆಗಿ, ಬೇರಿನ ಬಾಯಿಯನ್ನು ಭದ್ರವಾಗಿ ಮುಚ್ಚಿ, ಹಲ್ಲಿನ ಒಳಗೇ ಸೋಡಿಯಂ ಪರ್ಬೋರೇಟ್ ಅನ್ನುವ ಬ್ಲೀಚ್ ಇಟ್ಟು ಕಳಿಸುತ್ತಾರೆ. ವಾರಕ್ಕೊಮ್ಮೆ ಬದಲಾಯಿಸುತ್ತಾರೆ, ಎರಡು ಮೂರು ಸಲಕ್ಕೆ ಬಣ್ಣ ಬರುತ್ತದೆ. ಒಂದು ಹಲ್ಲಿಗೋಸ್ಕರ ಅಕ್ಕಪಕ್ಕದ್ದೆಲ್ಲ ಸೇರಿಸಿ ಕ್ಯಾಪ್ ಹಾಕಿಸಿಕೊಂಡವರು ಇದ್ದಾರೆ, ಅವರಿಗೆ ಈ ದಾರಿ ಇದೆ ಅಂತ ಯಾರೂ ಹೇಳಿರಲಿಲ್ಲ.

ಗುಂಡಿ ಬಿದ್ದು ಅಂಚು ಮುರಿಯುತ್ತಿರುವ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸಬಹುದು, ಅದೂ ಸಾಲದಿದ್ದರೆ ವೆನೀರ್, ಅಂದರೆ ಮುಂಭಾಗಕ್ಕೆ ಮಾತ್ರ ಅಂಟಿಸುವ ತೆಳು ಪಿಂಗಾಣಿ ಪದರ. ಕ್ಯಾಪ್ ಇದೆಲ್ಲ ಆದ ಮೇಲೆ. ಕ್ಯಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಿಜವಾಗಿ ಸವೆದು ಹೋದ ಹಲ್ಲನ್ನು ಅದೇ ಕಾಪಾಡುವುದು. ಬರೀ ಬಣ್ಣಕ್ಕೋಸ್ಕರ ಗಟ್ಟಿ ಹಲ್ಲು ಉಜ್ಜುವುದಕ್ಕೆ ನನ್ನ ವಿರೋಧ.

ಆಮೇಲೆ

ಬ್ಲೀಚ್ ನಡೆಯುವಾಗ, ಮುಗಿದ ಒಂದೆರಡು ದಿನ, ಬಿಳಿ ಬಟ್ಟೆಗೆ ಕಲೆ ಹತ್ತಿಸುವಂಥದ್ದು ಬಾಯಿಗೂ ಬೇಡ ಅಂತ ಡಾಕ್ಟ್ರು ಹೇಳುತ್ತಾರೆ. ಟೀ, ಕಾಫಿ, ಅರಿಶಿನ ಜಾಸ್ತಿ ಇರುವ ಸಾರು, ಬೀಟ್‌ರೂಟ್, ನೇರಳೆಹಣ್ಣು, ದ್ರಾಕ್ಷಿ. ನಮ್ಮ ಮನೇಲಿ ಬಸ್ಸಾರು ಬಿಟ್ಟು ಇರುವುದು ಹೇಗೆ ಅಂತ ಅಮ್ಮ ತಲೆ ಮೇಲೆ ಕೈ ಹೊತ್ತರು, ಎರಡು ದಿನ ಮೊಸರನ್ನ, ಇಡ್ಲಿ, ತೆಂಗಿನಕಾಯಿ ಚಟ್ನಿಯಲ್ಲೇ ಕಳೆದೆ. ಆಮೇಲೆ ಮಾಮೂಲಿ ಊಟ. ಟೀ ಕುಡಿದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಬೀಡಿ ಸಿಗರೇಟು, ಎಲೆಅಡಿಕೆ ಬಿಡದಿದ್ದರೆ ಮಾತ್ರ ಈ ದುಡ್ಡೆಲ್ಲ ನೀರಿಗೆ ಹಾಕಿದ ಹಾಗೆ.

ಬಣ್ಣ ಶಾಶ್ವತ ಅಲ್ಲ. ಒಂದೆರಡು ವರ್ಷಕ್ಕೆ ಸ್ವಲ್ಪ ಮಂಕಾಗಬಹುದು. ಟ್ರೇ ಬಿಸಾಡಬೇಡಿ, ಡಬ್ಬಿಯಲ್ಲಿ ಇಡಿ, ಬೇಕಾದಾಗ ಒಂದು ಸಿರಿಂಜ್ ತಂದು ಕೆಲವು ರಾತ್ರಿ ಹಾಕಿದರೆ ಮತ್ತೆ ಬರುತ್ತದೆ.

ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಅವರ ನೀರನ್ನು ಇವತ್ತೇ ನೋಡಿ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುವುದು ನಮ್ಮ ದೇಶದ ಮಾನದಂಡ. ಪಂಚಾಯಿತಿಯಲ್ಲಿ ಕಿಟ್ ಇಟ್ಟು ಪರೀಕ್ಷೆ ಮಾಡುತ್ತಾರೆ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೂ ಕೊಡಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ನಮ್ಮೂರಲ್ಲಿ ಶುದ್ಧ ನೀರಿನ ಘಟಕದ ಕ್ಯಾನ್ ಕುಡಿಯಲು ತರುತ್ತಾರೆ, ಅನ್ನಕ್ಕೆ, ಸಾರಿಗೆ, ಮುದ್ದೆಗೆ ಮಾತ್ರ ಬೋರ್ ನೀರೇ ಹುಯ್ಯುತ್ತಾರೆ. ಮುದ್ದೆ ಎಷ್ಟು ನೀರು ಕುಡಿಯುತ್ತದೆ ಅಂತ ತಿರುವಿದವರಿಗೆ ಗೊತ್ತು. ಮಗುವಿನ ತಟ್ಟೆಗೆ ಹೋಗುವ ಮುದ್ದೆಗೂ, ಹಾಲಿನ ಪುಡಿಗೂ ಕ್ಯಾನ್ ನೀರನ್ನೇ ಹಾಕಿ. ಮೂರು ವರ್ಷದೊಳಗಿನ ಮಗುವಿನ ಬ್ರಷ್‌ಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ಆಮೇಲೆ ಬಟಾಣಿಯಷ್ಟು, ಪಕ್ಕದಲ್ಲಿ ನಿಂತು ಉಗಿಸಿ. ನನ್ನ ತಂಗಿಯ ಮಗನಿಗೆ ಈಗ ಏಳು ವರ್ಷ, ಮುಂದಿನ ಎರಡು ಹೊಸ ಹಲ್ಲು ಅರ್ಧ ಬಂದಿವೆ, ಕಲೆ ಇಲ್ಲ.